ಗೋ ಕಾರ್ಟ್ ಹುಚ್ಚು ಹೊಟ್ಟೆ ತುಂಬಿಸುತ್ತದೆಯೇ? ಆದೋನಿಯ ಹುಡುಗರಿಗೆ ಒಂದಿಷ್ಟು ಲೆಕ್ಕ

ಆದೋನಿ ಹತ್ತಿಯ ಊರು. 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ತಾಲೂಕಿನಲ್ಲಿ ಕನ್ನಡ ಮಾತಾಡುವ ಮನೆಗಳು ಇಂದಿಗೂ ಇವೆ. ಜಿನ್ನಿಂಗ್ ಮಿಲ್ಲು, ಲಾರಿ, ಟ್ರ್ಯಾಕ್ಟರ್ ನಡುವೆ ಬೆಳೆದ ಇಲ್ಲಿನ ಹುಡುಗರಿಗೆ ಇಂಜಿನ್ ಹೊಸದಲ್ಲ. ಆದರೆ ಗೋ ಕಾರ್ಟ್ ರೇಸಿಂಗ್ ಕಲಿಯಬೇಕೆಂದರೆ ಬೆಂಗಳೂರಿಗೋ ಹೈದರಾಬಾದಿಗೋ ಬಸ್ ಹತ್ತಬೇಕು. ಅಲ್ಲಿ ಹತ್ತು ಸುತ್ತು ಹೊಡೆದು ಬಂದ ಮಗ 'ಇದರಲ್ಲೇ ಏನಾದ್ರೂ ಮಾಡ್ತೇನೆ' ಅಂದರೆ ತಂದೆಯ ಎದೆ ಧಸಕ್ಕೆನ್ನುವುದು ಸಹಜ.

ಇಲ್ಲಿ ತಂದೆ, ಮಗ ಇಬ್ಬರಿಗೂ ಒಂದೇ ತಪ್ಪು ಕಲ್ಪನೆ ಇರುತ್ತದೆ. ರೇಸ್ ಗೆದ್ದರೆ ದುಡ್ಡು ಎಂದು. ಕಾರ್ಟಿಂಗ್‌ನಲ್ಲಿ ಓಡಿಸುವವನೇ ಗಿರಾಕಿ. ದುಡ್ಡು ಕೊಡುವುದು ಅವನ ಮನೆಯವರು, ಸಿಗುವುದು ಹೆಚ್ಚಾಗಿ ಕಪ್ಪು.

ಯಾಕೆ ಹೀಗೆ? ರೇಸ್ ಕಾರ್ಟ್ ನೋಡಲು ಆಟಿಕೆ. ಉಕ್ಕಿನ ಕೊಳವೆಯ ಚಾಸಿಸ್, ಸಸ್ಪೆನ್ಶನ್ ಇಲ್ಲ, ಡಿಫರೆನ್ಷಿಯಲ್ ಕೂಡ ಇಲ್ಲ. ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್‌ಗೆ ಬಿಗಿದಿರುವುದರಿಂದ ತಿರುವಿನಲ್ಲಿ ಒಳಗಿನ ಚಕ್ರ ತುಸು ಮೇಲೇಳಬೇಕು, ಇಲ್ಲದಿದ್ದರೆ ಕಾರ್ಟ್ ತಿರುಗಲು ಒಪ್ಪುವುದಿಲ್ಲ. ಚಾಸಿಸ್ ಬಾಗಿ ಬಾಗಿ ಆ ಕೆಲಸ ಮಾಡುತ್ತದೆ, ಹಾಗೆಯೇ ದಣಿಯುತ್ತದೆ. ರೋಟ್ಯಾಕ್ಸ್ ಕಂಪೆನಿಯ 125 ಸಿಸಿ ಟೂ ಸ್ಟ್ರೋಕ್ ಇಂಜಿನ್ ಬಿಚ್ಚುವುದು ಕಿಲೋಮೀಟರ್ ನೋಡಿ ಅಲ್ಲ, ಗಂಟೆ ಎಣಿಸಿ. ಟಯರಂತೂ ಸಾಬೂನಿನಂತೆ ಸವೆಯುತ್ತದೆ.

ಹಾಗಾದರೆ ಆ ದುಡ್ಡು ಹೋಗುವುದೆಲ್ಲಿಗೆ? ಮೆಕ್ಯಾನಿಕ್, ಕೋಚ್, ತಂಡದ ಮಾಲಕ, ಸ್ಪರ್ಧೆ ನಡೆಸುವವನು, ಟ್ರ್ಯಾಕ್ ಮಾಲಕ. ವೃತ್ತಿ ಇರುವುದು ಅಲ್ಲಿ.

ನಮ್ಮಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಅಕ್ಬರ್ ಇಬ್ರಾಹಿಂ. ಸ್ವತಃ ರೇಸರ್ ಆಗಿದ್ದವರು, ಮೆಕೋ ಮೋಟಾರ್‌ಸ್ಪೋರ್ಟ್ಸ್ ಕಟ್ಟಿ ಹುಡುಗರಿಗೆ ತರಬೇತಿ ಕೊಟ್ಟರು, ರಾಷ್ಟ್ರೀಯ ರೋಟ್ಯಾಕ್ಸ್ ಮ್ಯಾಕ್ಸ್ ಕಾರ್ಟಿಂಗ್ ಚಾಂಪಿಯನ್‌ಶಿಪ್ ನಡೆಸಿದರು. ಉತ್ತರ ಬೆಂಗಳೂರಿನ ಮೆಕೋ ಕಾರ್ಟೋಪಿಯಾ ಟ್ರ್ಯಾಕ್ ಕೂಡ ಅವರದೇ ಸಂಸ್ಥೆಯದ್ದು. ದೇಶದ ಮೋಟಾರ್ ಕ್ರೀಡಾ ಒಕ್ಕೂಟದ ಅಧ್ಯಕ್ಷರೂ ಆಗಿದ್ದರು. ಮಗ ಅರ್ಮಾನ್ ಕಾರ್ಟ್‌ನಿಂದ ಶುರು ಮಾಡಿ ಎ1 ಗ್ರಾನ್ ಪ್ರಿಯಲ್ಲಿ ಭಾರತ ತಂಡದ ಕಾರು ಓಡಿಸಿದವರು. ಆಮೇಲೆ ರೇಸಿಂಗ್ ಪ್ರಮೋಷನ್ಸ್ ಸಂಸ್ಥೆಯ ಪಾಲುದಾರರಲ್ಲಿ ಒಬ್ಬರಾದರು. 2022ರಲ್ಲಿ ಹೈದರಾಬಾದಿನ ಹುಸೇನ್ ಸಾಗರ ದಡದ ರಸ್ತೆಯಲ್ಲಿ ಇಂಡಿಯನ್ ರೇಸಿಂಗ್ ಲೀಗ್ ನಡೆಸಿದ್ದು ಇದೇ ಸಂಸ್ಥೆ. ತಂದೆ ಮಗ ಇಬ್ಬರೂ ಸ್ಟಿಯರಿಂಗ್ ಬಿಟ್ಟ ಮೇಲೆ ವ್ಯವಹಾರ ಬೆಳೆಸಿದ್ದಾರೆ, ಗಮನಿಸಿ. ಫಾರ್ಮುಲಾ ಒನ್ ತಲುಪಿದ ಮೊದಲ ಭಾರತೀಯ ನರೇನ್ ಕಾರ್ತಿಕೇಯನ್ ಕೂಡ ಕೊನೆಗೆ ಹಳೇ ಬೈಕ್ ಮಾರುವ ಡ್ರೈವ್‌ಎಕ್ಸ್ ಕಂಪೆನಿ ಶುರು ಮಾಡಿದರು. 2022ರಲ್ಲಿ ಟಿವಿಎಸ್ ಅದರ ಹತ್ತಿರ ಹತ್ತಿರ ಅರ್ಧ ಪಾಲು ಕೊಂಡಿತು.

ಅಷ್ಟಕ್ಕೂ ಕಾರ್ಟ್ ಹುಟ್ಟಿದ್ದೇ ವರ್ಕ್‌ಶಾಪಿನಲ್ಲಿ. 1956ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೇಸ್ ಕಾರು ಕಟ್ಟುತ್ತಿದ್ದ ಆರ್ಟ್ ಇಂಗೆಲ್ಸ್ ಎಂಬಾತ ಹುಲ್ಲು ಕತ್ತರಿಸುವ ಯಂತ್ರದ ಇಂಜಿನ್ ಜೋಡಿಸಿ ಮೊದಲ ಕಾರ್ಟ್ ಮಾಡಿದ.

ಇನ್ನು ಬಾಡಿಗೆ ಟ್ರ್ಯಾಕ್. ಗಲ್ಫ್‌ನಿಂದ ಬಂದವರು ದುಬೈ ಕಾರ್ಟ್‌ಡ್ರೋಮ್ ನೋಡಿ 'ನಮ್ಮಲ್ಲೂ ಒಂದು ಹಾಕುವಾ' ಅನ್ನುವುದುಂಟು. ಲೆಕ್ಕ ಹಾಕಿ ನೋಡಿ. ಎಂಟು ಕಾರ್ಟ್, ಗಂಟೆಗೆ ನಾಲ್ಕು ಸರದಿ ಅಂದರೆ 32 ಸವಾರಿ. ಭಾನುವಾರ ಸಂಜೆ ಇದು ಸಿಕ್ಕೀತು. ಮಂಗಳವಾರ ಮಧ್ಯಾಹ್ನ ಮೂರು ಸವಾರಿ ಆದರೆ ಪುಣ್ಯ. ಬಸ್ಸಿನ ಖಾಲಿ ಸೀಟಿನ ಹಾಗೆ, ಹೋದ ಗಂಟೆಯನ್ನು ನಾಳೆ ಮಾರಲಾಗದು. ಜಾಗದ ಬಾಡಿಗೆ ಮಾತ್ರ ಮಂಗಳವಾರವೂ ಓಡುತ್ತದೆ. ತೆರಿಗೆಯೂ ಹಗುರವಲ್ಲ, 2018ರ ಜನವರಿಯಲ್ಲಿ ಗೋ ಕಾರ್ಟಿಂಗ್ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಾಗ ಈ ವ್ಯಾಪಾರದವರು ಉಸಿರು ಬಿಟ್ಟಿದ್ದರು.

ಆದೋನಿಯವರಿಗೆ ಇಲ್ಲೊಂದು ಅನುಕೂಲ ಇದೆ. ಬಾಡಿಗೆ ಕಾರ್ಟ್‌ಗಳಲ್ಲಿ ಹೆಚ್ಚಾಗಿ ಇರುವುದು ಹೋಂಡಾ ಜಿಎಕ್ಸ್ ಜಾತಿಯ ಫೋರ್ ಸ್ಟ್ರೋಕ್ ಇಂಜಿನ್. ನೀರೆತ್ತುವ ಪಂಪಿಗೆ, ಜನರೇಟರಿಗೆ ಹಾಕುವುದೂ ಅದನ್ನೇ. ಆಲೂರು, ಎಮ್ಮಿಗನೂರು ಕಡೆ ಪಂಪ್‌ಸೆಟ್ ರಿಪೇರಿ ಮಾಡುವ ಕೈಗೆ ಆ ಕಾರ್ಬುರೇಟರ್ ಅಪರಿಚಿತವಲ್ಲ.

ಒಂದು ವಿಷಯದಲ್ಲಿ ಮಾತ್ರ ಜಿಪುಣತನ ಕೂಡದು. 2018ರಲ್ಲಿ ಹರ್ಯಾಣದ ಪಿಂಜೋರ್‌ನಲ್ಲಿ, 2020ರಲ್ಲಿ ಹೈದರಾಬಾದಿನ ಹೊರವಲಯದಲ್ಲಿ, ಕೂದಲು ಕಾರ್ಟಿನ ತಿರುಗುವ ಭಾಗಕ್ಕೆ ಸಿಲುಕಿ ಇಬ್ಬರು ಯುವತಿಯರು ಜೀವ ಕಳೆದುಕೊಂಡರು. ಆಕ್ಸಲ್, ಚೈನು ಸೀಟಿನ ಬೆನ್ನಿಗೇ ಇರುತ್ತವೆ. ಅದಕ್ಕೆ ಪೂರ್ತಿ ಮುಚ್ಚಳ ಬೇಕು. ಕೂದಲು, ದುಪಟ್ಟಾ, ಶಾಲು ಎಲ್ಲವೂ ಹೆಲ್ಮೆಟ್ ಮತ್ತು ಅಂಗಿಯ ಒಳಗೆ ಹೋಗಬೇಕು. ಹೊರಗೆ ಜೋತಾಡುತ್ತಿದ್ದರೆ ಗಿರಾಕಿ ಎಷ್ಟೇ ಸಿಟ್ಟಾದರೂ ಕಾರ್ಟ್ ಬಿಡಬಾರದು. ಇದನ್ನು ನೋಡಿಕೊಳ್ಳಲು ಗೇಟಿನಲ್ಲಿ ಒಬ್ಬನನ್ನು ಸಂಬಳ ಕೊಟ್ಟು ನಿಲ್ಲಿಸಲಾಗದವನು ಟ್ರ್ಯಾಕ್ ತೆರೆಯುವುದೇ ಬೇಡ.

ಮಗ ಹಠ ಬಿಡುವುದಿಲ್ಲವೇ? ಕಾರ್ಟ್ ಕೊಡಿಸಬೇಡಿ, ಹೊಲ ಮಾರಬೇಡಿ. ಬೆಂಗಳೂರಿನ ಯಾವುದಾದರೂ ಟ್ರ್ಯಾಕಿನಲ್ಲಿ ಒಂದು ವರ್ಷ ಕೆಲಸಕ್ಕೆ ಸೇರಲಿ. ಹೆಲ್ಮೆಟ್ ಒರೆಸಲಿ, ಚೈನು ಬಿಗಿ ಮಾಡಲಿ, ವೆಲ್ಡಿಂಗ್ ಬಿರುಕು ಹುಡುಕಲು ಕಲಿಯಲಿ. ಮಂಗಳವಾರ ಮಧ್ಯಾಹ್ನ ಎಷ್ಟು ಜನ ಬಂದರು ಅಂತ ಪ್ರತಿ ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ವರ್ಷದ ಕೊನೆಗೆ ಆ ನೋಟ್‌ಬುಕ್ ಇಟ್ಟುಕೊಂಡು ತಂದೆ ಮಗ ಮಾತಾಡಬಹುದು.