ಕ್ಯಾಲ್ಕುಲಸ್‌ಗೆ ಮೊದಲು ಹಳೆಯ ಪಾಠ

ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದು ವಿಜ್ಞಾನ ವಿಭಾಗಕ್ಕೆ ಸೇರಿದ ಮಗಳು ಕೆಲವೇ ತಿಂಗಳಲ್ಲಿ "ಉಮ್ಮಾ, ಈ ಗಣಿತ ನನ್ನಿಂದಾಗದು" ಎಂದು ಕಣ್ಣೀರು ಹಾಕುವುದುಂಟು. "ಹೆಣ್ಣು ಮಗುವಿಗೆ ಅಷ್ಟೆಲ್ಲ ಗಣಿತ ಯಾಕೆ? ಬಿಟ್ಟುಬಿಡಲಿ" ಎಂದು ಮನೆಯವರೂ ಒಪ್ಪಿಬಿಡುತ್ತಾರೆ. ಇಂಜಿನಿಯರಿಂಗ್‌ನ ಬಾಗಿಲು ಅಲ್ಲಿಗೇ ಮುಚ್ಚುತ್ತದೆ.

ಆದರೆ ತೊಡಕು ನಿಜವಾಗಿ ಕ್ಯಾಲ್ಕುಲಸ್‌ನಲ್ಲಿದೆಯೇ? ಪಿಯುಸಿಯ 'ಲಿಮಿಟ್' ಪಾಠದ ಒಂದು ಲೆಕ್ಕ ನೋಡೋಣ. ಎಕ್ಸ್‌ನ ವರ್ಗದಿಂದ 9ನ್ನು ಕಳೆದು, ಬಂದದ್ದನ್ನು (ಎಕ್ಸ್ − 3)ರಿಂದ ಭಾಗಿಸಬೇಕು. ಎಕ್ಸ್‌ನ ಬೆಲೆ 3ಕ್ಕೆ ಹತ್ತಿರವಾದಂತೆ ಉತ್ತರ ಎಷ್ಟಕ್ಕೆ ಹತ್ತಿರವಾಗುತ್ತದೆ? ನೇರವಾಗಿ 3 ಹಾಕಿದರೆ ಮೇಲೂ ಸೊನ್ನೆ, ಕೆಳಗೂ ಸೊನ್ನೆ. ಮಗು ಅಲ್ಲೇ ನಿಲ್ಲುತ್ತದೆ. ಮೇಲಿನದನ್ನು (ಎಕ್ಸ್ + 3) ಗುಣಿಸು (ಎಕ್ಸ್ − 3) ಎಂದು ಬಿಡಿಸಿದರೆ, (ಎಕ್ಸ್ − 3) ಮೇಲೆ ಕೆಳಗೆ ಹೊಡೆದುಹೋಗಿ ಎಕ್ಸ್ + 3 ಉಳಿಯುತ್ತದೆ. ಉತ್ತರ 6. ಇದರಲ್ಲಿ ಹೊಸ ಪಾಠ ಒಂದೇ ಸಾಲು. ಉಳಿದದ್ದೆಲ್ಲ ಹೈಸ್ಕೂಲಿನ ಅಪವರ್ತನ!

ಹಿಫ್ಝ್ ಕಲಿಸುವ ಉಸ್ತಾದರು ಹಳೆಯ ಪಾಠ ಒಪ್ಪಿಸಿಕೊಳ್ಳದೆ ಮುಂದಿನ ಸಬಕ್ ಕೊಡುವುದಿಲ್ಲ. ಗಣಿತಕ್ಕೂ ಅದೇ ಕ್ರಮ ಬೇಕು. ಏಳರಿಂದ ಹತ್ತನೇ ತರಗತಿವರೆಗಿನ ಪುಸ್ತಕಗಳನ್ನು ಹೊರತೆಗೆಯಿರಿ. ಭಿನ್ನರಾಶಿ, ಋಣಸಂಖ್ಯೆ, ಘಾತಾಂಕ, ಅಪವರ್ತನ, ನಕ್ಷೆ, ತ್ರಿಕೋನಮಿತಿ - ಪ್ರತಿಯೊಂದರಿಂದ ಎರಡೆರಡು ಲೆಕ್ಕ ಮಾಡಿಸಿರಿ. ಪೆನ್ನು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಆರಂಭಿಸಿರಿ. ಮಗ್ರಿಬ್ ನಂತರ ದಿನಕ್ಕೆ ಅರ್ಧ ಗಂಟೆ ಸಾಕು. ಆದರೆ ದಿನ ತಪ್ಪಬಾರದು. ನಿಮಗೆ ಕ್ಯಾಲ್ಕುಲಸ್ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. "ಇದು ಯಾಕೆ ಹೀಗೆ? ನನಗೆ ತಿಳಿಸಿಕೊಡು" ಎಂದು ಕೇಳಿರಿ. ಕಂಠಪಾಠ ಮಾಡಿದ ಮಗು ತಡವರಿಸುತ್ತದೆ, ಅರ್ಥ ಮಾಡಿಕೊಂಡದ್ದು ವಿವರಿಸುತ್ತದೆ.

ಭಿನ್ನರಾಶಿಗೆ ನಮ್ಮ ಮನೆಯಲ್ಲೇ ಉತ್ತಮ ಪಾಠವಿದೆ. ಒಬ್ಬ ವ್ಯಕ್ತಿ ಪತ್ನಿ, ತಾಯಿ ಮತ್ತು ಒಬ್ಬ ಮಗನನ್ನು ಬಿಟ್ಟು ನಿಧನ ಹೊಂದಿದರೆ, ಸಾಲ, ವಸಿಯ್ಯತ್‌ಗಳು ತೀರಿದ ಬಳಿಕ ಪತ್ನಿಗೆ 1/8, ತಾಯಿಗೆ 1/6, ಉಳಿದದ್ದು ಮಗನಿಗೆ. ಮಗನ ಪಾಲೆಷ್ಟು? ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ 2/14 ಎಂದು ಬರೆದರೆ ಅಲ್ಲೇ ಕೊರತೆ ಸಿಕ್ಕಿತು. ಛೇದವನ್ನು 24 ಮಾಡಿದರೆ 3/24 ಮತ್ತು 4/24, ಒಟ್ಟು 7/24. ಮಗನಿಗೆ 17/24. ಸರಿಯಾದ ಲೆಕ್ಕ ಬಾರದಿದ್ದರೆ ಹಕ್ಕುದಾರರ ಪಾಲೇ ತಪ್ಪಿಹೋಗುತ್ತದೆ.

ಒಂಬತ್ತನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ವಿದ್ವಾಂಸ ಅಲ್ ಖ್ವಾರಿಝ್ಮಿ ತಮ್ಮ ಬೀಜಗಣಿತದ ಗ್ರಂಥದ ದೊಡ್ಡ ಭಾಗವನ್ನು ಇಂತಹ ಆಸ್ತಿ ಹಂಚಿಕೆಯ ಲೆಕ್ಕಗಳಿಗೇ ಮೀಸಲಿಟ್ಟರು. ಅದರ ಹೆಸರಿನಲ್ಲಿರುವ 'ಅಲ್ ಜಬ್ರ್' ಎಂಬ ಪದದಿಂದಲೇ 'ಆಲ್ಜೀಬ್ರಾ' ಬಂದಿದೆ. ಮುರಿದ ಮೂಳೆ ಕೂಡಿಸುವುದಕ್ಕೂ ಅರಬಿಯಲ್ಲಿ ಜಬ್ರ್ ಎನ್ನುತ್ತಾರೆ.

ಮುರಿದದ್ದನ್ನು ಕೂಡಿಸಲು ಸಮಯ ಬೇಕು. ಆದ್ದರಿಂದ ಹತ್ತನೇ ತರಗತಿಯ ಪರೀಕ್ಷೆ ಮುಗಿದು ಕಾಲೇಜು ತೆರೆಯುವವರೆಗಿನ ರಜೆಯನ್ನು ಇದಕ್ಕೆ ಬಳಸಿಕೊಳ್ಳಿರಿ. ಈಗಾಗಲೇ ಕಾಲೇಜು ಸೇರಿದ ಮಗಳಿದ್ದರೆ ವಿಷಯ ಬದಲಿಸುವ ಅರ್ಜಿಗೆ ಸಹಿ ಹಾಕುವ ಮೊದಲು ಅವಳ ಒಂಬತ್ತನೇ ತರಗತಿಯ ಪುಸ್ತಕವನ್ನೊಮ್ಮೆ ತೆರೆದು ನೋಡಿರಿ.