ದಿನವೆಲ್ಲ ಒಂದೇ ಹೊಲಿಗೆ

ಮನೆಯವರ ಶರಟಿಗೆ ಇಸ್ತ್ರಿ ಹಾಕುವಾಗ ಅದರ ಕಾಲರು, ಜೇಬು, ಕಾಜಾಗಳನ್ನು ಒಮ್ಮೆ ಗಮನಿಸಿ ನೋಡಿ. ನಮ್ಮೂರ ದರ್ಜಿಯಾದರೆ ಇಡೀ ಶರಟನ್ನು ತಾನೇ ಹೊಲಿದು ಕೊಡುತ್ತಾನೆ. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹಾಗಲ್ಲ. ಸಾಲಾಗಿಟ್ಟ ಮೆಷಿನ್ನುಗಳಲ್ಲಿ ಒಬ್ಬಳು ಕಾಲರು ಕೂರಿಸಿದರೆ ಮತ್ತೊಬ್ಬಳು ತೋಳು ಜೋಡಿಸುತ್ತಾಳೆ. ಜೇಬು ಹೊಲಿಯುವವಳಿಗೆ ಇವತ್ತೂ ಜೇಬೇ, ನಾಳೆಯೂ ಜೇಬೇ! ಗಂಟೆಗೆ ಇಷ್ಟು ಎಂಬ ಟಾರ್ಗೆಟ್ ಬೇರೆ.

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿಗಳಲ್ಲಿ ಹೀಗೆ ದುಡಿಯುವವರಲ್ಲಿ ಹೆಂಗಸರೇ ಹೆಚ್ಚು. “ದಿನಾ ಅದೇ ಕೆಲಸ, ಬೇಜಾರಾಗೋಲ್ವೇನ್ರೀ?” ಎಂದು ನಾವು ಕೇಳುತ್ತೇವೆ. ಆಗದೆ ಏನು? ಬೇಜಾರೂ ಉಂಟು, ಕತ್ತು ಬೆನ್ನುಗಳ ನೋವೂ ಉಂಟು. ಆದರೆ ನಾವೂ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವವರಲ್ಲವೇ? ನಮ್ಮ ಅಡುಗೆಯನ್ನು ಉಣ್ಣುವವರು ನಮ್ಮ ಕಣ್ಣೆದುರಿಗೇ ಇರುತ್ತಾರೆ. ತಾನು ಹೊಲಿದ ಶರಟನ್ನು ತೊಡುವವರು ಯಾರೋ, ಆಕೆಗೆ ಗೊತ್ತೇ ಆಗುವುದಿಲ್ಲ. ಆಕೆಯ ಕಣ್ಣಿಗೆ ಕಾಣುವುದು ತಿಂಗಳ ಸಂಬಳ, ಅದರಲ್ಲಿ ಹಿಡಿದಿಟ್ಟ ಪಿ.ಎಫ್. ಹಣ. ಮಗಳ ಫೀಸು, ಊರಿನ ಸಾಲ, ಸ್ವಂತದ್ದೊಂದು ಸೂರು ಎಲ್ಲವೂ ಆ ಹಣದಲ್ಲೇ ಅಡಗಿರುತ್ತವೆ.

2016ರಲ್ಲಿ ಇದು ಊರಿಗೆಲ್ಲ ತಿಳಿಯಿತು. ಪಿ.ಎಫ್.ನಲ್ಲಿ ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮವನ್ನು ಕೇಂದ್ರ ಸರಕಾರ ತಂದಿತ್ತು. ಕಣ್ಣು, ಬೆನ್ನು ಅಲ್ಲಿಯವರೆಗೆ ತಡೆಯಬೇಡವೇ? ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಮೆಷಿನ್ ಬಿಟ್ಟು ಬೆಂಗಳೂರಿನ ರಸ್ತೆಗಿಳಿದರು. ಗಲಭೆಯಾಯಿತು, ಲಾಠಿ ಏಟೂ ಬಿತ್ತು. 19ರಂದೇ ಸರಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ತುಟಿಪಿಟಿಕ್ಕೆನ್ನದೆ ಜೇಬು ಹೊಲಿಯುತ್ತಿದ್ದವರು, ಆ ಜೇಬುಗಳಿಂದ ಕೂಡಿಟ್ಟದ್ದಕ್ಕೆ ಕೈಯಿಟ್ಟಾಗ ಸುಮ್ಮನಿರಲಿಲ್ಲ.

ನಿಮ್ಮ ಮನೆಯ ಮಗಳೋ ಸೊಸೆಯೋ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರೆ ಎರಡು ಮಾತು ನೆನಪಿಡಿ. ಆಕೆಯ 12 ಅಂಕಿಯ ಯು.ಎ.ಎನ್. ನಂಬರನ್ನು ಒಂದು ಪುಸ್ತಕದಲ್ಲಿ ಬರೆಸಿಡಿ. ಫ್ಯಾಕ್ಟರಿ ಬದಲಾದರೂ ಪಿ.ಎಫ್.ಗೆ ಅದೇ ನಂಬರು. ಹೊಸ ಕಡೆ ಸೇರುವಾಗ ಅದನ್ನೇ ಕೊಡಬೇಕು. ಎರಡನೆಯದು, ಇಡೀ ದಿನ ಒಂದೇ ಕೆಲಸ ಮಾಡಿ ಬಂದವಳಿಗೆ ಸಂಜೆ ಮತ್ತೆ ಅದೇ ಪಾತ್ರೆ, ಅದೇ ಒಲೆ ಕಾದಿರುವುದು ಬೇಡ. ಗಂಡಸರೂ ಒಂದು ಕೈ ಹಾಕಲಿ. ಸಂಬಳ ಮನೆಗೆಲ್ಲ ಬೇಕು, ದಣಿವು ಮಾತ್ರ ಅವಳೊಬ್ಬಳದೇ ಎಂದರೆ ಯಾವ ನ್ಯಾಯ, ನೀವೇ ಹೇಳಿ?