ತೆಶುವಾ: ಯಹೂದಿಯರಲ್ಲಿ ಕ್ಷಮೆ ಕೇಳುವ ಕ್ರಮ

ಯಹೂದಿಯರ ವರ್ಷದಲ್ಲಿ ಅತ್ಯಂತ ಪವಿತ್ರವಾದ ದಿನ ಯೋಮ್ ಕಿಪ್ಪುರ್, ಅಂದರೆ ಪ್ರಾಯಶ್ಚಿತ್ತದ ದಿನ. ಹೀಬ್ರೂ ಪಂಚಾಂಗದ ತಿಶ್ರಿ ಮಾಸದ 10ನೇ ದಿನ ಇದನ್ನು ಆಚರಿಸುತ್ತಾರೆ. ಹಿಂದಿನ ದಿನ ಸೂರ್ಯಾಸ್ತಕ್ಕೆ ಮೊದಲೇ ಆರಂಭಿಸಿ ಮರುದಿನ ರಾತ್ರಿ ನಕ್ಷತ್ರ ಕಾಣುವವರೆಗೆ, ಸುಮಾರು 25 ಗಂಟೆಗಳ ಕಾಲ, ಅನ್ನ ನೀರು ಎರಡನ್ನೂ ಬಿಟ್ಟು ಉಪವಾಸ ಇರುತ್ತಾರೆ. ಚರ್ಮದ ಪಾದರಕ್ಷೆ ಧರಿಸುವುದಿಲ್ಲ. ಅನೇಕರು ಬಿಳಿ ಬಟ್ಟೆ ಉಡುತ್ತಾರೆ. ಇಸ್ರೇಲ್ ದೇಶದಲ್ಲಿ ಅಂದು ವಿಮಾನ ಸಂಚಾರವೂ ನಿಂತಿರುತ್ತದೆ.

ಇಷ್ಟು ಕಠಿಣ ಉಪವಾಸ ಮಾಡಿದರೂ ಎಲ್ಲ ತಪ್ಪೂ ಕಳೆಯುವುದಿಲ್ಲ ಎಂಬುದು ಯಹೂದಿ ಧರ್ಮಶಾಸ್ತ್ರದ ನಿಲುವು. ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಮಿಶ್ನಾ ಗ್ರಂಥವು ತಪ್ಪುಗಳನ್ನು ಎರಡಾಗಿ ವಿಂಗಡಿಸುತ್ತದೆ. ದೇವರಿಗೆ ಸಂಬಂಧಿಸಿದ ತಪ್ಪಿಗೆ ಈ ದಿನ ಪ್ರಾಯಶ್ಚಿತ್ತವಿದೆ. ಆದರೆ ಇನ್ನೊಬ್ಬ ಮನುಷ್ಯನಿಗೆ ಮಾಡಿದ ತಪ್ಪಿಗೆ, ಆತನನ್ನು ಸಮಾಧಾನಪಡಿಸುವವರೆಗೆ ಪ್ರಾಯಶ್ಚಿತ್ತವಿಲ್ಲ. ‘ಈಗ ಪಾಪ ಮಾಡುತ್ತೇನೆ, ಆಮೇಲೆ ಪಶ್ಚಾತ್ತಾಪ ಪಡುತ್ತೇನೆ’ ಎಂದು ಲೆಕ್ಕ ಹಾಕುವವನಿಗೆ ಪಶ್ಚಾತ್ತಾಪದ ಅವಕಾಶವೇ ದೊರೆಯುವುದಿಲ್ಲ ಎಂದೂ ಅದು ಎಚ್ಚರಿಸುತ್ತದೆ.

ಹೀಬ್ರೂ ಪದಗಳ ಅರ್ಥ ತಿಳಿದರೆ ಈ ವಿಚಾರ ಇನ್ನಷ್ಟು ಸ್ಪಷ್ಟವಾಗುತ್ತದೆ. ಪಾಪಕ್ಕೆ ಆ ಭಾಷೆಯಲ್ಲಿ ‘ಖೇತ್’ ಎನ್ನುತ್ತಾರೆ. ಇದರ ಧಾತುವಿಗೆ ಗುರಿ ತಪ್ಪುವುದು ಎಂಬ ಅರ್ಥವೂ ಇದೆ. ಕವಣೆ ಬೀಸಿದರೆ ಗುರಿ ತಪ್ಪದವರನ್ನು ವರ್ಣಿಸುವಾಗ ಬೈಬಲ್ ಇದೇ ಧಾತುವನ್ನು ಬಳಸಿದೆ. ಪಶ್ಚಾತ್ತಾಪಕ್ಕೆ ‘ತೆಶುವಾ’ ಎಂಬ ಪದವಿದೆ. ಅದು ‘ಶೂವ್’, ಅಂದರೆ ಹಿಂತಿರುಗು ಎಂಬ ಧಾತುವಿನಿಂದ ಬಂದಿದೆ. ದಾರಿ ತಪ್ಪಿದವನು ಮತ್ತೆ ಸರಿದಾರಿಗೆ ಹಿಂತಿರುಗುವುದೇ ತೆಶುವಾ. ಬರೀ ದುಃಖಪಟ್ಟರೆ ಸಾಲದು, ನಡೆದು ಬರಬೇಕು.

ಹೇಗೆ ಹಿಂತಿರುಗಬೇಕು ಎಂಬುದನ್ನು 12ನೇ ಶತಮಾನದ ಮಹಾವಿದ್ವಾಂಸ ಮೈಮೊನಿಡಿಸ್ ವಿವರಿಸಿದ್ದಾರೆ. ಒಬ್ಬರ ಹಣ ತೆಗೆದುಕೊಂಡಿದ್ದರೆ ಮೊದಲು ಅದನ್ನು ಹಿಂದಿರುಗಿಸಬೇಕು. ಹಣ ಕೊಟ್ಟ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗುವುದಿಲ್ಲ, ಕ್ಷಮೆಯನ್ನೂ ಕೇಳಬೇಕು. ಎದುರಿನವರು ಒಪ್ಪದಿದ್ದರೆ ಅವರ ಸ್ನೇಹಿತರಲ್ಲಿ ಮೂವರನ್ನು ಕರೆದುಕೊಂಡು ಹೋಗಿ ಕೇಳಬೇಕು. ಹೀಗೆ ಮೂರು ಬಾರಿಯೂ ಒಪ್ಪದಿದ್ದರೆ ಮುಂದೆ ದೋಷ ಕ್ಷಮಿಸದವರದ್ದು. ಆದರೆ ಗುರುವಿನ ಮನ ನೋಯಿಸಿದ್ದರೆ ಸಾವಿರ ಸಲವಾದರೂ ಹೋಗಬೇಕು. ನೊಂದವರು ತೀರಿಕೊಂಡಿದ್ದರೆ ಹತ್ತು ಜನರೊಡನೆ ಅವರ ಸಮಾಧಿಯ ಬಳಿ ನಿಂತು ತಪ್ಪೊಪ್ಪಿಕೊಳ್ಳಬೇಕು. ಕ್ಷಮಿಸುವವರಿಗೂ ಒಂದು ಕರ್ತವ್ಯವಿದೆ: ಮನಃಪೂರ್ವಕ ಕೇಳಿದವರ ಮುಂದೆ ಕಲ್ಲು ಮನಸ್ಸು ಮಾಡಬಾರದು.

ಆದ್ದರಿಂದ ಯೋಮ್ ಕಿಪ್ಪುರ್‌ಗೆ ಮುಂಚಿನ ದಿನಗಳಲ್ಲಿ ಅನೇಕರು ಬಂಧುಗಳು, ನೆರೆಯವರು, ಜೊತೆ ಕೆಲಸಗಾರರು ಎಲ್ಲರ ಬಳಿ ಕ್ಷಮೆ ಕೇಳುತ್ತಾರೆ. ಆ ದಿನ ಸಿನಗಾಗ್ ಎಂಬ ಪ್ರಾರ್ಥನಾ ಮಂದಿರದಲ್ಲಿ ಎದೆ ತಟ್ಟಿಕೊಂಡು ಪಾಪ ನಿವೇದನೆ ಮಾಡುತ್ತಾರೆ. ಪಾಪಗಳ ಪಟ್ಟಿ ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿದೆ. ಅಲ್ಲಿ ‘ನಾನು’ ಎಂಬ ಮಾತಿಲ್ಲ, ‘ನಾವು ತಪ್ಪು ಮಾಡಿದೆವು’ ಎಂದೇ ಹೇಳುತ್ತಾರೆ. ಒಬ್ಬರ ತಪ್ಪಿನಲ್ಲಿ ಸಮಾಜದ ಪಾಲೂ ಇದೆ ಎಂಬುದು ಇದರ ಭಾವ. ಕೊನೆಗೆ ಟಗರಿನ ಕೊಂಬಿನ ಕಹಳೆಯಾದ ಶೋಫಾರ್ ಊದಿದಾಗ ಉಪವಾಸ ಮುಗಿಯುತ್ತದೆ.

ಉಪವಾಸ ಮುಗಿದರೂ ತೆಶುವಾ ಮುಗಿಯುವುದಿಲ್ಲ. ಅದು ಯಾವಾಗ ಪೂರ್ಣವಾಗುತ್ತದೆ? ಹಿಂದೆ ಎಡವಿದಂಥದ್ದೇ ಸಂದರ್ಭ ಮತ್ತೆ ಎದುರಾಗಿ, ತಪ್ಪು ಮಾಡುವ ಶಕ್ತಿ ಇದ್ದೂ ಮಾಡದೆ ನಿಂತಾಗ ಎನ್ನುತ್ತಾರೆ ಮೈಮೊನಿಡಿಸ್.